ಕಸೂತಿಯಲ್ಲಿ ಫ್ರೋಡೊನ ದಾರಿ: ಮೊರ್ಡಾರ್ ಮುಟ್ಟಿತು

ಅಂತೂ ಈ ತಿಂಗಳು ಸೂಜಿ ಮೊರ್ಡಾರ್ ಬೆಟ್ಟದ ಬುಡಕ್ಕೆ ಬಂತು. ಬಟ್ಟೆ ಎಳೆ ಎಣಿಸಿ ಹೊಲಿಯಲು ಬರುವ ಮ್ಯಾಟಿ, ಚಂದ್ರಕಾಳಿ ಸೀರೆಯ ಕಪ್ಪು. ದಾರ ಇಳಕಲ್ ಸೆರಗಿನ ಕೆಂಪು ರೇಷ್ಮೆ. ಟೋಲ್ಕಿನ್ ಕಥೆಗಳ ಎರಡು ದಾರಿಗಳನ್ನು ಇದರ ಮೇಲೆ ಹಾಕುತ್ತಿದ್ದೇನೆ. 1937ರ 'ದಿ ಹಾಬಿಟ್'ನಲ್ಲಿ ಬಿಲ್ಬೊ ನಡೆದದ್ದು ಒಂದು, 1954-55ರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಕೆಟ್ಟ ಉಂಗುರವನ್ನು ಶತ್ರುವಿನ ನಾಡಾದ ಮೊರ್ಡಾರ್‌ನ ಬೆಂಕಿ ಬೆಟ್ಟಕ್ಕೆ ಹಾಕಲು ಫ್ರೋಡೊ ಮತ್ತು ಅವನ ಜೊತೆಗಾರ ಸ್ಯಾಮ್ ನಡೆದದ್ದು ಇನ್ನೊಂದು.

ಬೆಟ್ಟಗಳಿಗೆ ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ ಹೊಲಿಗೆ, ದಾರಿಗೆಲ್ಲ ಗವಂತಿ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತೆ, ಬಿಟ್ಟ ಜಾಗ ವಾಪಸ್ ಬರುವಾಗ ತುಂಬುತ್ತೆ. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಹೋಗಿ ಬರುವ ಕಥೆಗೆ ಇಷ್ಟು ಒಪ್ಪುವ ಹೊಲಿಗೆ ಬೇರೆ ಇಲ್ಲ. ಫ್ರೋಡೊ ಬೆಟ್ಟ ಹತ್ತುವ ತನಕ ವಾಪಸ್ ಹೊಲಿಗೆ ಶುರು ಮಾಡಬಾರದು ಅಂತ ಮೊದಲೇ ಠರಾಯಿಸಿದ್ದೆ. ಹಾಗಾಗಿ ಸದ್ಯ ದಾರಿ ತುಂಡುತುಂಡಾಗಿಯೇ ಇದೆ.

ಡ್ರ್ಯಾಗನ್ ಮಲಗಿರುವ ಕಡೆಗೆ ಹೋಗುವ ಬಿಲ್ಬೊನ ಸುರಂಗಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಅವನು ಡ್ರ್ಯಾಗನ್ನನ್ನು ಇನ್ನೂ ನೋಡಿಲ್ಲ. ಕತ್ತಲಲ್ಲಿ ಒಬ್ಬನೇ. ಗೊರಕೆ ಕೇಳುತ್ತಿದೆ, ಮುಂದೆ ಕೆಂಪು ಬೆಳಕು. ಅಲ್ಲಿ ನಿಂತುಬಿಟ್ಟವನು ಮತ್ತೆ ಮುಂದೆ ನಡೆದನಲ್ಲ, ಅವನು ಮಾಡಿದ ಎಲ್ಲಕ್ಕಿಂತ ದೊಡ್ಡ ಧೈರ್ಯ ಅದೇ ಅಂತಾನೆ ಕಥೆಗಾರ. ಆಮೇಲೆ ನಡೆದ ದೊಡ್ಡ ಸಂಗತಿಗಳೆಲ್ಲ ಅದರ ಮುಂದೆ ಏನೂ ಅಲ್ಲವಂತೆ. 1916ರಲ್ಲಿ, ಮೊದಲ ಮಹಾಯುದ್ಧದ ಸೊಮ್ ಕದನದ ಕಂದಕಗಳಲ್ಲಿ ಇದ್ದು ಬಂದ ಟೋಲ್ಕಿನ್ ಬರೆದ ಮಾತಿದು. ಅದಕ್ಕೇ ನಾನು ಇದನ್ನು ನಂಬುತ್ತೇನೆ. ಬಿಲ್ಬೊ ನಿಂತ ಜಾಗಕ್ಕೆ ಒಂದೇ ಒಂದು ಮೆಂತೆ (ಕ್ರಾಸ್) ಹೊಲಿಗೆ ಹಾಕಿದ್ದೇನೆ. ಡ್ರ್ಯಾಗನ್ ಹಾಕಿಲ್ಲ.

ಫ್ರೋಡೊನ ದಾರಿಯಲ್ಲಿ ಸಿಗುವ ಬ್ರೀ ಊರಿನ ಸುತ್ತ, ಅವನಿಗೆ ಜೊತೆಯಾಗುವ ಆರಗಾರ್ನ್‌ನ ನೀಲಿ ದಾರ ಓಡಾಡುತ್ತೆ. ಊರವರು ಅವನನ್ನು ಅಲೆಮಾರಿ ಅಂತ ಅನುಮಾನದಿಂದ ನೋಡುತ್ತಾರೆ. ಅವನೋ ಅಲೆದಾಡುತ್ತಲೇ ಅವರನ್ನು ಕಾಯುತ್ತಿರುತ್ತಾನೆ.

ಮೊರ್ಡಾರ್ ಮೇಲೆ ಒಂದು ಬಿಳಿ ನಕ್ಷತ್ರ ಇದೆ. ಇಡೀ ಬಟ್ಟೆಯಲ್ಲಿ ಬಿಳಿ ಅಂದರೆ ಅದೊಂದೇ. ಸ್ಯಾಮ್‌ಗೆ ಉಂಗುರದ ಈ ಕೆಲಸ ಆಗುತ್ತೆ ಅನ್ನುವ ಭರವಸೆ ಮೊದಲಿನಿಂದಲೂ ಇರಲಿಲ್ಲ. ಆದರೂ ಬಂದ. ಅಲ್ಲಿ ಒಂದು ರಾತ್ರಿ ಮೋಡದ ಸಂದಿಯಲ್ಲಿ ಆ ನಕ್ಷತ್ರ ಕಾಣುತ್ತೆ. ಈ ಕತ್ತಲು ಅದನ್ನು ಎಂದೂ ಮುಟ್ಟಲಾರದು ಅಂತ ಅವನಿಗೆ ಅನಿಸುತ್ತೆ. ತನ್ನ ಗತಿ ಏನಾದೀತು ಅನ್ನುವ ಚಿಂತೆ ಬಿಟ್ಟು, ಫ್ರೋಡೊನ ಪಕ್ಕ ಮಲಗಿ ನಿದ್ದೆ ಹೋಗುತ್ತಾನೆ.

ಹೊಲಿಗೆ ಕಲಿಸಿದ ಚಿಗವ್ವ ಮೊನ್ನೆ ಬಟ್ಟೆ ತಿರುಗಿಸಿ ನೋಡುತ್ತಾ, "ಇವರು ಕಡೀಕ ಮನಿ ಮುಟ್ಟತಾರಿಲ್ಲೋ?" ಅಂತ ಕೇಳಿದಳು. ಅವಳ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರು ಬಂದ ಮೇಲೆ ನವನಗರಕ್ಕೆ ಬಂದವಳು. ಮುಟ್ಟುತ್ತಾರೆ, ಆದರೆ ಅವರ ಊರು ಶೈರ್ ಹಾಳಾಗಿರುತ್ತೆ, ಮರ ಕಡಿದಿರುತ್ತಾರೆ ಅಂದೆ. ದಾರಿಯಲ್ಲಿ ಸಿಕ್ಕ ಕಾಡಿನ ಒಡತಿ ಗಲಾಡ್ರಿಯಲ್ ಕೊಟ್ಟ ಮಣ್ಣನ್ನು ಸ್ಯಾಮ್ ಮರ ಹೋದ ಕಡೆಯೆಲ್ಲ ಒಂದೊಂದು ಕಣ ಹಾಕುತ್ತಾ ಹೋದದ್ದನ್ನೂ, ದೊಡ್ಡ ಮರ ಇದ್ದ ಜಾಗದಲ್ಲಿ ಬಂಗಾರದ ಹೂವಿನ ಮ್ಯಾಲಾರ್ನ್ ಬೆಳೆದದ್ದನ್ನೂ ಹೇಳಿದೆ.

"ಹಂಗಾದ್ರ ಆ ಗಿಡಾ ದೊಡ್ಡದ ಹಾಕಬೇಕವಾ" ಅಂದಳು.

ನಾನು ಅಂಗೈಯಗಲ ಅಂದುಕೊಂಡಿದ್ದೆ. ಈಗ ಶೈರ್‌ನ ಬದಿಯ ಅಂಚಿನ ತನಕ ಬಿಡುತ್ತೇನೆ. ಕಾಂಡಕ್ಕೆ ಬೂದು ಬಣ್ಣದಲ್ಲಿ, ನೇಯ್ದಂತೆ ಕಾಣುವ ನೇಗಿ ಹೊಲಿಗೆ, ಹೂವಿಗೆ ಹಳದಿ. ಹಳದಿ ರೇಷ್ಮೆ ಖಾಲಿಯಾಗಿದೆ, ತರಬೇಕು. ಅದು ಬರುವಷ್ಟರಲ್ಲಿ ಫ್ರೋಡೊನನ್ನು ಬೆಟ್ಟ ಹತ್ತಿಸಿ ವಾಪಸ್ ಹೊಲಿಗೆ ಶುರು ಮಾಡುತ್ತೇನೆ.