ಗೋಡೆಗೆ ರೇನ್‌ಕೋಟ್ ಹಾಕಿದ ವರ್ಷ

ಹುಬ್ಬಳ್ಳಿಯಲ್ಲಿ ಇಂಟೀರಿಯರ್ ಕೆಲಸಕ್ಕೆ ಇಳಿದು 14 ವರ್ಷವಾಯಿತು. ಅದರಲ್ಲಿ ಮೊದಲ ಎಂಟು ವರ್ಷ ನಾನು ಮಾಡಿದ್ದು ಬರೀ ಮುಚ್ಚುವ ಕೆಲಸ. ಗೋಡೆ ಸರಿಯಿಲ್ಲವೇ, ಪುಟ್ಟಿ. ಪುಟ್ಟಿ ನಿಲ್ಲಲಿಲ್ಲವೇ, ಪ್ಯಾನೆಲ್. ನೆಲ ಹಳೆಯದೇ, ಅದರ ಮೇಲೇ ಟೈಲ್ಸ್. ಮನೆಯವರು ಖುಷಿ, ನನಗೆ ಬಿಲ್. ಈ ಚಟ ಬಿಡಿಸಿದ್ದು ಧಾರವಾಡದ ಮಾಳಮಡ್ಡಿಯ ಒಂದು ಹಂಚಿನ ಮನೆ.

ನಿವೃತ್ತ ಮೇಷ್ಟ್ರ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದರ ಮೇಲೆ ವರ್ಷ ವರ್ಷ ಹಚ್ಚಿದ ಸುಣ್ಣ. ಮಗ ಸೊಸೆ ಪುಣೆ ಬಿಟ್ಟು ಊರಿಗೆ ಬರುವವರಿದ್ದರು, ಐದು ವರ್ಷದ ಮೊಮ್ಮಗ ಬೇರೆ. ‘ಹುಡುಗರು ಇರೂ ಹಂಗ ಮಾಡಿಕೊಡ್ರಿ’ ಅಂದರು. ಮಲಗುವ ಕೋಣೆಯ ಪಡುವಣ ಗೋಡೆಯಲ್ಲಿ ನೆಲದಿಂದ ಅಡಿ ಎತ್ತರದವರೆಗೆ ಸುಣ್ಣ ಹೊಪ್ಪಳಿಕೆ ಎದ್ದಿತ್ತು. ನಾನು ನೋಡಿದ್ದು ಫೆಬ್ರವರಿಯಲ್ಲಿ. ಆಗ ಧಾರವಾಡದ ಗೋಡೆ ಎಂಥ ಸುಳ್ಳನ್ನಾದರೂ ಹೇಳುತ್ತದೆ. ಹಳೇ ಸುಣ್ಣ ಕೆರೆಸಿ ಸಿಮೆಂಟ್ ಗಿಲಾವು ಮಾಡಿಸಿದೆ. ಎರಡು ಕೈ ಪುಟ್ಟಿ, ಮೇಲೆ ವಾಟರ್‌ಪ್ರೂಫ್ ಪೇಂಟ್. ಮಂಚದ ಹಿಂದೆ ಪಿವಿಸಿ ಪ್ಯಾನೆಲ್, ಪಕ್ಕದಲ್ಲಿ ವಾಲ್‌ಪೇಪರ್, ಅದೇ ಗೋಡೆಗೆ ಒತ್ತಿ ಏಳಡಿಯ ಕಪಾಟು. ಫೋಟೊ ತೆಗೆದು ನಾಲ್ಕಾರು ಮಂದಿಗೆ ಕಳಿಸಿದ್ದೆ ಕೂಡ.

ನಾಗರ ಪಂಚಮಿ ಮುಂದಿನ ವಾರ ಮೇಷ್ಟ್ರ ಫೋನು: ‘ಒಮ್ಮೆ ಬಂದು ನೋಡಿ ಹೋಗ್ರಿ, ಮನಿ ಯಾಕೋ ಮುಗ್ಗ ನಾರ್ಲಿಕ್ಕೆ ಹತ್ತೇದ.’

ಪ್ಯಾನೆಲ್ ಒಂದನ್ನು ಕಿತ್ತರೆ ಹಿಂದೆ ಕಪ್ಪು ಬೂಷ್ಟು. ವಾಲ್‌ಪೇಪರಿನ ಅಂಟನ್ನು ಅದು ಊಟದ ಹಾಗೆ ತಿಂದಿತ್ತು. ಕಪಾಟಿನ ಹಿಂಬದಿಯ ಹಲಗೆ ಹಪ್ಪಳದಂತೆ ಉಬ್ಬಿತ್ತು. ಹುಡುಗನಿಗೆ ಜೂನ್‌ನಿಂದ ರಾತ್ರಿ ಕೆಮ್ಮು. ಈ ಗೋಡೆಯಿಂದಲೇ ಬಂತು ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ, ಮನೆಯ ತೇವ ನೋಡಿಕೊಳ್ಳಿ ಎಂದಷ್ಟೇ ಹೇಳಿದ್ದರು. ಆದರೆ ಹಾವೇರಿಯ ಅಜ್ಜಿಮನೆಗೆ ಹೋದ ಹತ್ತು ದಿನ ಅವನು ಕೆಮ್ಮಲಿಲ್ಲ ಎಂದು ತಾಯಿ ಹೇಳಿದಾಗ ನಾನು ತಲೆ ಎತ್ತಿ ನೋಡಲಾಗಲಿಲ್ಲ.

ನನಗೆ ಬುದ್ಧಿ ಹೇಳಿದವರು ಅಮ್ಮಿನಭಾವಿ ಕಡೆಯ ಒಬ್ಬ ಮುದಿ ಗೌಂಡಿ. ಗೋಡೆಗೆ ಅಂಗೈ ಇಟ್ಟರು, ಮೂಸಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಸಾಹೇಬ್ರ, ಗ್ವಾಡಿಗಿ ರೇನ್‌ಕೋಟ್ ಹಾಕೀರಿ. ಒಳಗ ಬೆವರಾಕ ಹತ್ತೇತಿ.’

ಇದಕ್ಕಿಂತ ಚೆನ್ನಾಗಿ ಯಾವ ಟ್ರೇನಿಂಗಿನಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಹಳೇ ಮಣ್ಣಿನ ಗೋಡೆಗೆ ಬುನಾದಿಯ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿಗೆ ಎಣ್ಣೆ ಏರುವಂತೆ ನೆಲದ ನೀರು ಗೋಡೆಗೆ ಏರುತ್ತದೆ. ಸುಣ್ಣದ ಗಿಲಾವಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಏರಿದ ನೀರು ಆವಿಯಾಗಿ ಹೊರಬೀಳುತ್ತದೆ. ಅಡಿ ಎತ್ತರದಲ್ಲಿ ಸುಣ್ಣ ಉದುರುತ್ತಿದ್ದದ್ದು ರೋಗವಲ್ಲ, ಗೋಡೆ ಉಸಿರು ಬಿಡುತ್ತಿದ್ದ ಜಾಗ. ನಾನು ಆ ಬಾಯಿ ಮುಚ್ಚಿದೆ, ನೀರು ದಾರಿ ಹುಡುಕುತ್ತ ಮೂರಡಿಗೆ ಏರಿತು. ಸುಣ್ಣಕ್ಕೆ ಇನ್ನೊಂದು ಗುಣವೂ ಇದೆ. ಹೊಸದಾಗಿ ಹಚ್ಚಿದ ಸುಣ್ಣದ ಕ್ಷಾರ ಬಲು ಖಾರ, ಪಿಎಚ್ 12ರ ಮೇಲೆ. ಬೂಷ್ಟು ಅಲ್ಲಿ ಬೇರೂರುವುದಿಲ್ಲ. ದಸರೆ ದೀಪಾವಳಿಗೆ ಸುಣ್ಣ ಹಚ್ಚುವ ರೂಢಿ ಚೆಂದಕ್ಕಷ್ಟೇ ಅಂದುಕೊಂಡಿದ್ದೆ. ನಾಲ್ಕು ತಿಂಗಳ ಮಳೆ ಕುಡಿದ ಗೋಡೆಗೆ ಅದು ಔಷಧಿಯೂ ಹೌದು.

ನನ್ನ ಖರ್ಚಿನಲ್ಲೇ ಎಲ್ಲ ಕಿತ್ತೆ. ಆದರೆ ಗೌಂಡಿ ಕಾಕಾ ಒಳಗಿನ ಕೆಲಸಕ್ಕೆ ಕೈ ಹಚ್ಚಲೇ ಇಲ್ಲ. ಹೊರಗೆ ಹೋಗಿ ಗೋಡೆಯ ಬುಡ ನೋಡಿದರು. ಎರಡು ವರ್ಷದ ಹಿಂದೆ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ್ದರಂತೆ, ಇಳಿಜಾರು ಗೋಡೆಯ ಕಡೆಗೇ ಇತ್ತು. ಹಂಚಿನ ದೋಣಿ ಒಂದು ಕಡೆ ಮುರಿದು, ಸೂರಿನ ನೀರು ಕಾಂಕ್ರೀಟಿಗೆ ಬಡಿದು ಗೋಡೆಗೆ ಸಿಡಿಯುತ್ತಿತ್ತು. ಗೋಡೆಯ ಉದ್ದಕ್ಕೂ ಒಂದಡಿ ಅಗಲ ಕಾಂಕ್ರೀಟ್ ಒಡೆಸಿ ಜಲ್ಲಿ ತುಂಬಿಸಿದೆವು, ದೋಣಿ ರಿಪೇರಿಯಾಯಿತು. ಪರಿಸರಸ್ನೇಹಿ ಒಳಾಂಗಣಕ್ಕೆ ನಾನು ಬಳಸಿದ ಮೊದಲ ಸಾಮಗ್ರಿ ಹೀಗೆ ಅಂಗಳದ ಜಲ್ಲಿ! ಆಮೇಲೆ ಕಾಯುವ ಕೆಲಸ. ದಪ್ಪ ಗೋಡೆ ಒಣಗಲು ಇಂಚಿಗೊಂದು ತಿಂಗಳು ಎಂಬ ಅಂದಾಜಿದೆ. ಎರಡೂ ಬದಿಯಿಂದ ಒಣಗಿದರೂ ಆ ಗೋಡೆಗೆ ಒಂಬತ್ತು ತಿಂಗಳು. ಮೇ ತನಕ ಕೋಣೆ ಖಾಲಿ ಬಿಟ್ಟು, ಆಮೇಲೆ ಸುಣ್ಣದ ಗಿಲಾವು ಮಾಡಿಸಿದೆವು. ಆ ಒಂಬತ್ತು ತಿಂಗಳು ಮೇಷ್ಟ್ರು ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹಳೇ ಗೋಡೆಯ ಕತೆ ಇದಾದರೆ, ಹೊಸ ಮನೆಯ ಕತೆ ಕಪಾಟಿನಲ್ಲಿದೆ. ಕೀಲಿ ಕೊಡುವ ದಿನ ಬೀರು ತೆರೆದವರೆಲ್ಲ ‘ಹೊಸಾ ಮನಿ ವಾಸನಿ’ ಎಂದು ಖುಷಿಪಡುತ್ತಾರಲ್ಲ, ಅದರಲ್ಲಿ ಬಹುಪಾಲು ಅಂಟು ಮತ್ತು ಪಾಲಿಶಿನ ವಾಸನೆ. ಅಗ್ಗದ ಪ್ಲೈವುಡ್, ಕಟ್ಟಿಗೆಯ ನಾರು-ಪುಡಿಯಿಂದ ಮಾಡುವ ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳನ್ನು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಒತ್ತಿರುತ್ತಾರೆ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೆಚ್ಚು ಬಿಡುಗಡೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಅರ್ಧ ಗಂಟೆಯ ಸರಾಸರಿ ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂಬುದು ಆ ಸಂಸ್ಥೆಯ 2010ರ ಮಾರ್ಗಸೂಚಿ. ಗ್ರಾಹಕರ ಮಾತು ಬಿಡಿ, ನಮ್ಮ ವರ್ಕ್‌ಶಾಪಿನಲ್ಲಿ ಬಾಗಿಲು ಹಾಕಿಕೊಂಡು ಬೋರ್ಡು ಕೊಯ್ಯುವ ಬಡಿಗರ ಕಣ್ಣು ಸಂಜೆಗೆ ಕೆಂಪಗಾಗಿರುತ್ತಿದ್ದವು. ಅದು ಧೂಳಿನಿಂದ ಅಂತ ನಾನೇ ಅವರಿಗೆ ಸಮಾಧಾನ ಹೇಳುತ್ತಿದ್ದೆ. ಕಟ್ಟಿಗೆಯ ಧೂಳೂ ಅದೇ ಮೊದಲ ಗುಂಪಿನಲ್ಲಿದೆ ಎನ್ನುವುದು ಆಗ ಗೊತ್ತಿರಲಿಲ್ಲ. ಈಗ ಮಾಸ್ಕ್, ಹಿಂದೊಂದು ಎಕ್ಸಾಸ್ಟ್, ಎದುರು ಎರಡು ಬಾಗಿಲು.

ಬೋರ್ಡು ಪೂರ್ತಿ ಬಿಡಲು ನನ್ನಿಂದ ಆಗಿಲ್ಲ, ಆಗುತ್ತದೆ ಎಂದು ಬಡಾಯಿ ಕೊಚ್ಚುವುದೂ ಇಲ್ಲ. ಎರಡು ಕೋಣೆಯ ಫ್ಲಾಟಿನವರಿಗೆ ಗಟ್ಟಿ ಸಾಗವಾನಿ ಹಾಕಿಸಿ ಅಂದರೆ ಅವರು ಸಾಲ ಮಾಡಬೇಕು. ಹಾಗಾಗಿ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುತ್ತದೆ ಎಂಬುದರ ಗುರುತಾದ ಇ-1 ಅಥವಾ ಇ-0 ಮುದ್ರೆ ಇರುವ ಬೋರ್ಡನ್ನೇ ತರಿಸುತ್ತೇನೆ. ಅನಿಲ ಹೆಚ್ಚು ಸೋರುವುದು ಕೊಯ್ದ ಅಂಚಿನಿಂದ. ಮುಂಚೆ ಕಣ್ಣಿಗೆ ಕಾಣುವ ಅಂಚಿಗಷ್ಟೇ ಪಟ್ಟಿ ಅಂಟಿಸುತ್ತಿದ್ದೆವು, ಈಗ ಹಿಂದೆ ಮುಂದೆ ಕೆಳಗೆ, ಬೋರ್ಡಿನ ಆರೂ ಮೈ ಮುಚ್ಚುತ್ತೇವೆ. (ಮುಚ್ಚುವ ವಿದ್ಯೆ ಇಲ್ಲಾದರೂ ಉಪಯೋಗಕ್ಕೆ ಬಂತು.) ಕಪಾಟು ಕೂಡಿಸಿದ ಮೇಲೆ ನಾಲ್ಕು ವಾರ ಬಾಗಿಲು, ಡ್ರಾಯರ್, ಕಿಟಕಿ ಎಲ್ಲ ತೆರೆದಿಟ್ಟು, ಆಮೇಲೆ ವಾಸ್ತುಶಾಂತಿ. ಮುಹೂರ್ತ ಮೊದಲೇ ನಿಶ್ಚಯವಾಗಿದ್ದರೆ ಇದೇ ದೊಡ್ಡ ಜಗಳ.

ಪೇಂಟಿನ ವಿಷಯದಲ್ಲಿ ಒಂದೆರಡು ಮಾತು ಸಾಕು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಹಾಗಾಗಿ ನನಗೆ ಹೊಸ ಡಬ್ಬಿಗಿಂತ ಹೆಚ್ಚು ಭಯ ಹಳೇ ಬಾಗಿಲಿನದು. ಅದರ ಐದಾರು ಪದರದ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಿಸಬೇಡಿ, ನೀರು ಹಾಕಿ ಉಜ್ಜಿಸಿ, ಮಕ್ಕಳನ್ನು ದೂರವಿಡಿ. ‘ಲೋ ವಿಓಸಿ’ (ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕ ಕಡಿಮೆ) ಎಂದು ಬರೆದ ಬಿಳಿ ಬಣ್ಣಕ್ಕೆ ಅಂಗಡಿಯವನು ಮಷೀನಿನಲ್ಲಿ ಬೆರೆಸುವ ಗಾಢ ಬಣ್ಣದಲ್ಲೂ ವಿಓಸಿ ಇರಬಹುದು, ಅದನ್ನೂ ಕೇಳಿ. ಇನ್ನು ಗಾಳಿ ಶುದ್ಧ ಮಾಡುವ ಗಿಡ ಇಡಿಸಿ ಎನ್ನುವವರಿಗೆ: ಆ ಮಾತಿಗೆ ಆಧಾರವಾದ 1989ರ ನಾಸಾ ಪ್ರಯೋಗ ಮುಚ್ಚಿದ ಪೆಟ್ಟಿಗೆಯಲ್ಲಿ ನಡೆದದ್ದು. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದವರು, ಕಟ್ಟಡದ ಗಾಳಿ ಓಡಾಟದಿಂದ ಆಗುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕು, ಕೆಲವು ಸಂದರ್ಭದಲ್ಲಿ 1000 ಬೇಕಾದೀತು ಅಂದರು. ಗಿಡ ಇಡಿ, ಚೆಂದ. ಕಿಟಕಿಯನ್ನೂ ತೆರೆಯಿರಿ.

ಕಲಿತದ್ದನ್ನು ಪೂರ್ತಿ ಪ್ರಯೋಗ ಮಾಡಲು ಸಿಕ್ಕಿದ್ದು ಗದಗ-ಬೆಟಗೇರಿಯ ಒಂದು ಮನೆ. ಮೇಲ್ಮುದ್ದಿಯ ಮನೆ: ತೊಲೆ, ಜಂತಿ, ಮೇಲೆ ಮಣ್ಣು. ನಡುಮನೆಯ ಬೆಳಕಿಂಡಿಯನ್ನು ಎಸಿ ಹಾಕಿಸುವಾಗ ಯಾರೋ ಸಿಮೆಂಟಿನಿಂದ ಮುಚ್ಚಿದ್ದರು. ಅದನ್ನು ಬಿಡಿಸಿ, ಮೇಲೆ ಮಳೆ ಬೀಳದಂತೆ ಎತ್ತರಿಸಿದ ಗಾಜು, ಸುತ್ತ ಜಾಳಿಗೆ ಇಟ್ಟೆವು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಬೀಳುತ್ತದೆ, ಕೆಳಗೆ ಹಿತ್ತಲ ಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಮನೆಯ ಅಜ್ಜಿ ಅದರ ಕೆಳಗೆ ಕುಳಿತು ‘ಮುಂಜಾನಿ ಇಲ್ಲೇ ಬಿಸಲ ಬೀಳತಿತ್ತು’ ಎಂದು ನೆಲದ ಒಂದು ಕಲ್ಲು ತೋರಿಸಿದರು. ಮರುದಿನ ಬಿಸಿಲು ಸರಿಯಾಗಿ ಅದೇ ಕಲ್ಲಿಗೆ ಬಂದಿತ್ತು.

ಆ ನೆಲ ಶಹಾಬಾದ್ ಫರಸಿ. ಮಗನಿಗೆ ಅದರ ಮೇಲೆ ಹೊಳೆಯುವ ಟೈಲ್ಸ್ ಬೇಕಿತ್ತು. ಉಜ್ಜಿಸಿ ತೋರಿಸಿದ ಮೇಲೆ ಸುಮ್ಮನಾದ. ಶಹಾಬಾದ್ ಕಲ್ಲು ಸುಣ್ಣದಕಲ್ಲಿನ ಜಾತಿ, ಆ್ಯಸಿಡ್ ಸುರಿದರೆ, ಹುಣಸೆ ನೀರು ಚೆಲ್ಲಿ ಬಿಟ್ಟರೂ ಮೈ ತಿನ್ನುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆರು ತಿಂಗಳಿಗೆ ಬೈಗುಳ ಖಂಡಿತ.

ಇಲ್ಲೂ ಒಂದು ಸಲ ಮುಗ್ಗರಿಸಿದೆ. ಧಾರವಾಡದ ಲೆಕ್ಕದಲ್ಲೇ ಗದಗಿನಲ್ಲಿ ಸುಣ್ಣದ ಗಿಲಾವು ಮಾಡಿಸಿದೆ. ಗದಗಿನ ಗಾಳಿ ನಿಮಗೆ ಗೊತ್ತಲ್ಲ, ಗಾಳಿಯಂತ್ರಗಳು ಸುಮ್ಮನೆ ಅಲ್ಲಿಗೆ ಬಂದಿಲ್ಲ. ಎರಡೇ ದಿನದಲ್ಲಿ ಗೋಡೆ ಒಣಗಿ ಜೇಡರ ಬಲೆಯಂತೆ ಬಿರುಕು. ಸುಣ್ಣ ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಸ್ವಲ್ಪ ಹಸಿ ಇರಬೇಕು. ಕೆರೆದು ಮತ್ತೆ ಬಳಿದು, ಒದ್ದೆ ಗೋಣಿಚೀಲ ಇಳಿಬಿಟ್ಟು ಹದಿನೈದು ದಿನ ಕಾದೆವು. ಸಿಮೆಂಟಿನ ಗಿಲಾವಿಗಿಂತ ಕೂಲಿಯೇ ಒಂದೂವರೆ ಪಟ್ಟು ಬಿತ್ತು. ಬೆನ್ನು ಒರಗಿಸಿದರೆ ಅಂಗಿಗೆ ಬಿಳಿ ಹತ್ತುತ್ತದೆ ಎಂಬ ದೂರು ಇವತ್ತಿಗೂ ಇದೆ, ಅದು ನಿಜವೂ ಹೌದು. ಮಂಚದ ಹಿಂದೆ ಒಂದು ಚಾಪೆ ಕಟ್ಟಿಸಿ ಕೈಮುಗಿದಿದ್ದೇನೆ.

ಕಪಾಟಿಗೆ ಕೆಡವಿದ ಮನೆಯ ಸಾಗವಾನಿ ತೊಲೆಗಳನ್ನು ಹುಬ್ಬಳ್ಳಿಯ ಹಳೇ ಕಟ್ಟಿಗೆ ಅಂಗಡಿಯಿಂದ ತಂದು ಕೊಯ್ಸಿದೆವು. ಮೊಳೆ ಕೀಳಲು ಎರಡು ದಿನ ಹೋಯಿತು, ಗರಗಸದ ಒಂದು ಅಲಗೂ ಹೋಯಿತು. ಪಾಲಿಶಿಗೆ ಬದಲು ಅಗಸಿ ಎಣ್ಣೆ. ನಾವು ಚಟ್ನಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ. ಇದನ್ನು ನೋಡಿ ಯಾರಾದರೂ ಮಾಡಲು ಹೊರಟರೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕಬೇಡಿ. ಅಗಸಿ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಗುಡ್ಡೆಯಲ್ಲಿ ಆ ಶಾಖ ಸಿಕ್ಕಿಬಿದ್ದು ತಾನಾಗಿಯೇ ಬೆಂಕಿ ಹತ್ತುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಸಂಜೆ ರಟ್ಟಿನ ಡಬ್ಬಿಯಿಂದ ಹೊಗೆ ಎದ್ದಾಗ ಬಡಿಗ ಬೀಡಿ ಎಸೆದನೆಂದು ನಾನು ಅವನನ್ನು ಬೈದಿದ್ದೆ. ಪಾಪ, ಅವನು ಬೀಡಿ ಸೇದುವವನೇ ಅಲ್ಲ. ಈಗ ಬಟ್ಟೆಗಳನ್ನು ನೀರಿನ ಬಕೆಟ್ಟಿಗೆ ಹಾಕುತ್ತೇವೆ.

ಪರದೆಗೆ ಹುಬ್ಬಳ್ಳಿಯ ಬೆಂಗೇರಿಯ ಖಾದಿ ತಂದೆವು. ದೇಶದ ಬಾವುಟ ತಯಾರಾಗುವ ಜಾಗ ಎಂದು ಎಲ್ಲರಿಗೂ ಗೊತ್ತು, ಪರದೆಗೆ ಅಲ್ಲಿಗೆ ಹೋಗುವವರು ಕಡಿಮೆ. ನೆಲಕ್ಕೆ ನವಲಗುಂದದ ಜಮಖಾನ, ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಹತ್ತಿಯದು. ಹಾಸಲು ಅಜ್ಜಿಯ ಹಳೇ ಸೀರೆಗಳ ಕೌದಿ. ಹತ್ತಿಯಾದ ಮಾತ್ರಕ್ಕೆ ಧೂಳು ಕೂರುವುದಿಲ್ಲ ಅಂತಲ್ಲ. ಉಬ್ಬಸ ಇರುವವರ ಮನೆಯಲ್ಲಿ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಜಾಡಿಸಲೇಬೇಕು, ಅದಾಗದಿದ್ದರೆ ಬರೀ ಫರಸಿಯೇ ವಾಸಿ.

ಈಗ ನನ್ನ ಕೊಟೇಶನ್ ಹಾಳೆಯಲ್ಲಿ ರೇಟಿಗಿಂತ ಮೊದಲು ಒಂದು ಪ್ರಶ್ನೆ ಅಚ್ಚಾಗಿದೆ: ‘ಈ ಗೋಡೆಯನ್ನು ಆಗಸ್ಟಿನಲ್ಲಿ ಮುಟ್ಟಿ ನೋಡಿದ್ದೀರಾ?’ ಅದನ್ನು ಓದಿ ನಕ್ಕು ಬೇರೆಯವರ ಹತ್ತಿರ ಹೋದ ಗ್ರಾಹಕರೂ ಇದ್ದಾರೆ.

ಕಳೆದ ಪಂಚಮಿಗೆ ಮಾಳಮಡ್ಡಿಗೆ ಕರೆಯದೇ ಹೋಗಿದ್ದೆ. ಮೇಷ್ಟ್ರ ಮನೆಯವರು ಶೇಂಗಾ ಉಂಡಿ ಕೊಟ್ಟರು. ಪಡುವಣ ಗೋಡೆಯ ಬುಡದಲ್ಲಿ ಅಂಗೈಯಷ್ಟು ಸುಣ್ಣ ಈಗಲೂ ಉದುರುತ್ತದೆ. ‘ಅಷ್ಟು ನಾನ ಹಚ್ಚಿಬಿಡ್ತೀನಿ ವರ್ಷಾ’ ಅಂದರು ಮೇಷ್ಟ್ರು, ಅದೊಂದು ದೊಡ್ಡ ಕೆಲಸವೇ ಅಲ್ಲವೆಂಬಂತೆ. ಹುಡುಗ ಮಂಚದ ಮೇಲೆ ಹಾರುತ್ತಿದ್ದ.

ಕಿತ್ತು ತಂದ ಪಿವಿಸಿ ಪ್ಯಾನೆಲ್ಲುಗಳು ಬಹಳ ದಿನ ನನ್ನ ಗೋದಾಮಿನಲ್ಲಿ ಬಿದ್ದಿದ್ದವು. ಎಸೆಯಲು ಮನಸ್ಸಿಲ್ಲ, ಇನ್ನೊಬ್ಬರ ಗೋಡೆಗೆ ಹಾಕಲು ಧೈರ್ಯವಿಲ್ಲ. ಕೊನೆಗೆ ಗೌಂಡಿ ಕಾಕಾ ಟಂಟಂ ತಂದು ಎಲ್ಲ ಹೇರಿಕೊಂಡು ಹೋದರು. ಅವರ ಊರಿಗೆ ಹೋದಾಗ ನೋಡಿದೆ, ಕೊಟ್ಟಿಗೆಯ ಪಡುವಣ ಮಗ್ಗುಲಿಗೆ ಸಾಲಾಗಿ ಬಡಿದಿದ್ದಾರೆ, ಕೆಳಗೆ ಮೇಲೆ ಗಾಳಿಗೆ ಗೇಣಷ್ಟು ಸಂದು ಬಿಟ್ಟು. ‘ಮಾಲ್ ಛಲೋ ಐತ್ರಿ ನಿಮ್ದು’ ಅಂದರು, ‘ಎಮ್ಮಿಗಿ ಇರಚಲಾ ಬಡಿಯೂದಿಲ್ಲ.’