ಎಡಗಡೆ ಮುಂದಿನ ಚಕ್ರ: ಬ್ರೇಕ್ ಅಂದುಕೊಂಡಿದ್ದು ಬೇರಿಂಗ್ ಆಗಿತ್ತು

ಮೇ 4, ಭಾನುವಾರ

ತೋಟದ ಎಟಿವಿಯ (ನಾಲ್ಕು ಚಕ್ರದ, ಬೈಕಿನ ಹಾಗೆ ಹ್ಯಾಂಡಲ್ ಇರುವ ಗಾಡಿ) ಬ್ರೇಕ್ ಹದಿನೈದು ದಿನದಿಂದ ಕೈಕೊಡುತ್ತಿದೆ. ಮೊದಲ ಸಲ ಲಿವರ್ ಒತ್ತಿದರೆ ಹ್ಯಾಂಡಲ್ ತನಕ ಬರುತ್ತದೆ. ಕೂಡಲೇ ಇನ್ನೊಂದು ಸಲ ಒತ್ತಿದರೆ ಗಟ್ಟಿ. ಮನೆ ಹಿಂದಿನ ಧರೆ ಇಳಿಯುವಾಗ, ಕ್ಯಾರಿಯರ್ ಮೇಲೆ ಎರಡು ಚೀಲ ಗೊಬ್ಬರ ಇದ್ದರೆ, ಎರಡನೇ ಸಲ ಒತ್ತುವಷ್ಟು ಹೊತ್ತು ಎಲ್ಲಿರುತ್ತದೆ?

ಮೊನ್ನೆ ಅಪ್ಪಯ್ಯ ಓಡಿಸುತ್ತಿದ್ದರು. ಗಾಡಿ ಬಸಿಗಾಲುವೆ ಅಂಚಿಗೆ ಬಂದು ನಿಂತಿತು. ಒಂದು ಗೇಣು ಉಳಿದಿತ್ತು ಅಷ್ಟೇ. ಅವರು ಏನೂ ಹೇಳಲಿಲ್ಲ, ಕೀ ತಂದು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ನನಗೆ ಸರಿ ನಿದ್ದೆ ಇಲ್ಲ. ಮಳೆ ಹಿಡಿಯುವುದರೊಳಗೆ, ಔಷಧಿ ಹೊಡೆಯುವ ಕೆಲಸ ಶುರುವಾಗುವ ಮುಂಚೆ, ಇದು ಮುಗಿಯಲೇಬೇಕು.

ಬ್ರೇಕ್ ಆಯಿಲ್ ಲೈನಿನಲ್ಲಿ ಗಾಳಿ ಸೇರಿದೆ ಅಂತ ಇವತ್ತು ಎರಡು ಸಲ ಬ್ಲೀಡ್ ಮಾಡಿದೆ, ಅಂದರೆ ಗಾಳಿ ಹೋಗಲಿ ಅಂತ ಆಯಿಲ್ ಹೊರಗೆ ಬಿಟ್ಟೆ. ಹಳೆ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆದರೆ ಗುಳ್ಳೆ ಒಂದೂ ಬರಲಿಲ್ಲ. ನಿಂತ ಗಾಡಿಯಲ್ಲಿ ಲಿವರ್ ಚೆನ್ನಾಗಿಯೇ ಇತ್ತು. ಒಂದು ಸುತ್ತು ತೋಟಕ್ಕೆ ಹೋಗಿ ಬಂದೆ. ಮತ್ತೆ ಮೊದಲ ಒತ್ತು ಖಾಲಿ.

ಮೇ 6

ಸಂಜೆ ಕೊಟ್ಟಿಗೆ ಪಕ್ಕ ಜಾಕ್ ಹಾಕಿ ಮುಂದಿನ ಎರಡೂ ಚಕ್ರ ಎತ್ತಿದೆ. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದೆ. ಬಲಗಡೆ ಸ್ವಲ್ಪವೇ ಆಟ. ಎಡಗಡೆ ಟಕ್ ಟಕ್ ಅಂತ ಸದ್ದು ಬರುವಷ್ಟು ಆಟ! ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದರೂ ಅಷ್ಟೇ. ಅಕ್ಕಪಕ್ಕ ಮಾತ್ರ ಆಡಿದ್ದರೆ ಹ್ಯಾಂಡಲ್ ಜೊತೆ ಚಕ್ರ ತಿರುಗಿಸುವ ಟೈ ರಾಡ್ ಮೇಲೆ ಅನುಮಾನ ಪಡುತ್ತಿದ್ದೆ. ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಬಾಲ್ ಜಾಯಿಂಟ್ ಮೇಲೆ ಬೆರಳಿಟ್ಟು ತಮ್ಮನ ಹತ್ತಿರ ಮತ್ತೆ ಅಲ್ಲಾಡಿಸಲು ಹೇಳಿದೆ. ಅದು ಕದಲಲಿಲ್ಲ. ಹಾಗಾದರೆ ಬೇರಿಂಗೇ.

ಆಮೇಲೆ ಬ್ರೇಕಿನ ಕಥೆಯೂ ಅರ್ಥವಾಯಿತು. ಬ್ರೇಕಿನ ಡಿಸ್ಕ್ ಕೂತಿರುವುದು ಹಬ್ ಮೇಲೆ, ಅಂದರೆ ಚಕ್ರದ ನಡುವಿನ ಭಾಗದ ಮೇಲೆ. ಬೇರಿಂಗ್ ಸಡಿಲವಾದರೆ ಹಬ್ ವಾಲುತ್ತದೆ, ಜೊತೆಗೆ ಡಿಸ್ಕೂ ವಾಲುತ್ತದೆ. ಕಲ್ಲುಗುಂಡಿ ದಾರಿಯಲ್ಲಿ ವಾಲಾಡುವ ಡಿಸ್ಕ್ ಎರಡೂ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ, ಪ್ಯಾಡ್ ಒತ್ತುವ ಪಿಸ್ಟನ್ ಕ್ಯಾಲಿಪರ್ (ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಭಾಗ) ಒಳಗೆ ಹೋಗುತ್ತದೆ. ಮುಂದಿನ ಸಲ ಲಿವರ್ ಒತ್ತಿದಾಗ ಆ ದೂರ ತುಂಬುವುದಕ್ಕೇ ಆಯಿಲ್ ಖರ್ಚಾಗುತ್ತದೆ. ಅದಕ್ಕೇ ಎರಡನೇ ಒತ್ತು ಗಟ್ಟಿ. ಗಾಳಿ ಇದ್ದಿದ್ದರೆ ನಿಂತಾಗಲೂ ಲಿವರ್ ಮೆತ್ತಗೇ ಇರಬೇಕಿತ್ತು ಅಲ್ವಾ? ಭಾನುವಾರವೇ ಇದು ಹೊಳೆಯಬೇಕಿತ್ತು.

ಮೇ 7

ಚಕ್ರ, ಕ್ಯಾಲಿಪರ್, ಸ್ಪ್ಲಿಟ್ ಪಿನ್, ನಟ್ ಬಿಚ್ಚಿ ಹಬ್ ಎಳೆದೆ. ಆಯಿಲ್ ಸೀಲಿನ ತುಟಿ ಹರಿದಿತ್ತು. ಒಳಗೆ ಗ್ರೀಸ್ ಅನ್ನುವುದೇ ಇರಲಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು, ತುಕ್ಕು, ನೀರು ಸೇರಿ ಕುಂಕುಮ ಕಲಸಿದ ಹಾಗೆ ಆಗಿತ್ತು. ಬೇರಿಂಗಿನ ಒಳರಿಂಗಿಗೆ ಬೆರಳು ಹಾಕಿ ತಿರುಗಿಸಿದರೆ ಕರಕರ. ಒಂದು ಜಾಗದಲ್ಲಿ ತಡೆದು ನಿಂತು ಮತ್ತೆ ತಿರುಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಗುಂಡುಗಳ ಮೇಲೆ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ಕುಳಿ.

ಬೇರಿಂಗ್ ಮೇಲೆ 6004 ಝಡ್‌ಝಡ್ ಅಂತ ಇದೆ. ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ಅದು ದಪ್ಪ ಕಸ ತಡೆಯುತ್ತದೆ, ನೀರು ತಡೆಯುವುದಿಲ್ಲ. ಈ ಗಾಡಿ ನಮಗೆ ಬರುವ ಮುಂಚೆ ಯಾರೋ ಹಾಕಿಸಿದ್ದು. ಒಣ ಊರಿನಲ್ಲಿ ನಡೆಯುತ್ತದೇನೋ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಾವು ಇರುವುದು ಅದೇ ಮಳೆಯ ದಾರಿಯಲ್ಲಿ, ದಿನಾ ಹಳ್ಳ ದಾಟುವ ಗಾಡಿ ಬೇರೆ. ಇಲ್ಲಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್ಸೇ ಬೇಕು.

ನಮ್ಮದೂ ತಪ್ಪಿದೆ. ಕೆಲಸ ಮುಗಿದ ತಕ್ಷಣ ಔಷಧಿ ಪಂಪಿನ ಗನ್ ಹಿಡಿದು ನೇರ ಹಬ್‌ಗೇ ನೀರು ಹೊಡೆಯುತ್ತಿದ್ದೆವು. ಬಿಸಿಯಾದ ಹಬ್ ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಇನ್ನು ಮೇಲೆ ಸುಮ್ನೆ ಪೈಪಿನ ನೀರು, ಅದೂ ಗಾಡಿ ತಣಿದ ಮೇಲೆ.

ಪ್ಯಾಡ್ ನೋಡಿದೆ. ಪಿಸ್ಟನ್ ಕಡೆಯದ್ದು ಬರೀ 1 ಮಿ.ಮೀ., ಇನ್ನೊಂದು 3 ಮಿ.ಮೀ. ಇಷ್ಟು ವ್ಯತ್ಯಾಸ ಇದ್ದರೆ ಕ್ಯಾಲಿಪರ್ ಪಿನ್ ಮೇಲೆ ಜಾರುತ್ತಿಲ್ಲ ಅಂತ ಅರ್ಥ. ನಿಜ, ಕೆಳಗಿನ ಪಿನ್ ಕಚ್ಚಿಕೊಂಡಿತ್ತು. ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ, ಅಲ್ಲಲ್ಲಿ ಹಸಿರು. ಆ ಹಸಿರು ಎಲ್ಲಿಂದ ಬಂತು ಅಂತ ಅಪ್ಪಯ್ಯ ನೋಡಿದ ಕೂಡಲೇ ಹೇಳಿದರು: "ಅದು ಮೈಲುತುತ್ತ ಮಾರಾಯ. ಹೋದ ವರ್ಷ ಡ್ರಮ್ ಚೆಲ್ಲಿತ್ತಲ್ಲ."

ಹೌದು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ಅಂತ ಕತ್ತಿ ಅದ್ದಿ ನೋಡುತ್ತೇವೆ, ಕತ್ತಿಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು. ಸುಣ್ಣ ಸೇರಿಸದ ಬರೀ ಮೈಲುತುತ್ತದ ನೀರನ್ನು ನಾವು ಕ್ಯಾರಿಯರ್ ಮೇಲೆ ಸಾಗಿಸಿದ್ದೆವು. ಕತ್ತಿಗೆ ಹತ್ತುವ ತಾಮ್ರ ಕ್ಯಾಲಿಪರ್‌ಗೂ ಹತ್ತುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಈ ವರ್ಷದಿಂದ ಮೈಲುತುತ್ತವನ್ನು ತೋಟದಲ್ಲೇ ಕರಗಿಸುವುದು ಅಂತ ತೀರ್ಮಾನ ಮಾಡಿದ್ದೇವೆ.

ಮೇ 10, ಶನಿವಾರ

ಬೆಳಗಿನ ಬಸ್ಸಿಗೆ ಶಿವಮೊಗ್ಗ. ಇದು ರಸ್ತೆಗೆ ಇಳಿಸುವ ಗಾಡಿ ಅಲ್ಲ, ಹಾಗಾಗಿ ಬಿಡಿಭಾಗವನ್ನೇ ಚೀಲದಲ್ಲಿ ಹೊತ್ತುಕೊಂಡು ಹೋಗಬೇಕು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಬೇರಿಂಗ್ ಐದು ನಿಮಿಷದಲ್ಲಿ ಸಿಕ್ಕಿತು. ಬೇರಿಂಗಿಗೆ ಗಾಡಿಯ ಹೆಸರು ಬೇಡ, ನಂಬರ್ ಸಾಕು. 6004ರ ಕೊನೆಯ 04ನ್ನು 5ರಿಂದ ಗುಣಿಸಿದರೆ ಒಳಗಿನ ತೂತು 20 ಮಿ.ಮೀ. ಹೊರಗೆ 42, ದಪ್ಪ 12. ಯಾವ ಕಂಪನಿಯದ್ದಾದರೂ ಇದೇ ಅಳತೆ. ಎರಡೂ ಕಡೆಗೆ ಸೇರಿ ನಾಲ್ಕು ತಂದೆ. ಪ್ಯಾಡಿಗೆ ಮಾತ್ರ ಹಳೆಯದನ್ನು ಕೈಯಲ್ಲಿ ಹಿಡಿದು ನಾಲ್ಕು ಅಂಗಡಿ ಸುತ್ತಿದೆ, ಆಕಾರ ಹೊಂದಿದ್ದು ಒಂದೇ ಕಡೆ.

ಡಾಟ್ 4 ಬ್ರೇಕ್ ಆಯಿಲ್ ಚಿಕ್ಕ ಡಬ್ಬಿಯನ್ನೇ ತೆಗೆದುಕೊಂಡೆ. ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸದು ಕಡಿಮೆ ಅಂದರೂ 230 ಡಿಗ್ರಿ ತನಕ ಕುದಿಯುವುದಿಲ್ಲ, ತೇವ ಕುಡಿದದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಡಬ್ಬಿಯ ಉಪ್ಪೇ ನೀರಾಗುತ್ತದೆ, ಬಾಯಿ ತೆರೆದ ಆಯಿಲ್ ಡಬ್ಬಿ ಇಟ್ಟುಕೊಂಡು ಏನು ಪ್ರಯೋಜನ?

ಮೇ 11, ಭಾನುವಾರ

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ದಿನ.

ಹಳೆ ಬೇರಿಂಗನ್ನು ಹಿಂದಿನಿಂದ ಕಬ್ಬಿಣದ ಸಲಾಕೆ ಕೊಟ್ಟು, ಎರಡು ಬೇರಿಂಗ್ ನಡುವೆ ಇರುವ ಸ್ಪೇಸರ್ ಕೊಳವೆ ಸ್ವಲ್ಪ ಸರಿಸಿ, ಸುತ್ತಲೂ ಸಮನಾಗಿ ತಟ್ಟಿ ಹೊರಗೆ ಹಾಕಿದೆ. ಹೊಸ ಬೇರಿಂಗನ್ನು ರಾತ್ರಿಯೇ ಪ್ಲಾಸ್ಟಿಕ್ ಸುತ್ತಿ ಫ್ರೀಜರ್‌ನಲ್ಲಿ ಹಲಸಿನ ತೊಳೆಯ ಪಕ್ಕ ಇಟ್ಟಿದ್ದೆ. ಅಮ್ಮ ಒಂದು ಮಾತೂ ಆಡದೆ ಜಾಗ ಮಾಡಿಕೊಟ್ಟರು. ಬೆಳಿಗ್ಗೆ ಬಚ್ಚಲ ಒಲೆ ಉರಿ ಜೋರು ಮಾಡಿ, ಹಳೆ ಪಾತ್ರೆಯಲ್ಲಿ ನೀರು ಕುದಿಸಿ, ಹಬ್ ಮುಳುಗಿಸಿ ಕಾಲು ಗಂಟೆ ಬಿಟ್ಟೆ.

ಹಿಂದಿನ ದಿನ ಲೆಕ್ಕ ಹಾಕಿದ್ದೆ. ಅಲ್ಯೂಮಿನಿಯಂ ಹಬ್‌ನ 42 ಮಿ.ಮೀ. ತೂತು, 25ರಿಂದ 100 ಡಿಗ್ರಿಗೆ ಕಾದರೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಉಕ್ಕಿನ ಬೇರಿಂಗ್ ಫ್ರೀಜರ್‌ನಲ್ಲಿ 0.02ರಷ್ಟು ಕುಗ್ಗುತ್ತದೆ. ಎರಡೂ ಸೇರಿದರೆ ಬಿಗಿ ಸಡಿಲವಾಗಲು ಸಾಕು. ಹಬ್ ಎತ್ತಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಬೇರಿಂಗ್ ನೆಟ್ಟಗೆ ಇಟ್ಟೆ. ಹಳೆ ಬೇರಿಂಗಿನ ಹೊರರಿಂಗ್ ಮೇಲಿಟ್ಟು ಮರದ ಸುತ್ತಿಗೆಯಿಂದ ಎರಡೇ ಎರಡು ಪೆಟ್ಟು. ಮೊದಲು ಟೊಳ್ಳು ಸದ್ದು, ಆಮೇಲೆ ಗಟ್ಟಿ ಸದ್ದು. ಕೂತಿತು! ಒಳರಿಂಗಿಗೆ ಹೊಡೆದಿದ್ದರೆ ಪೆಟ್ಟು ಗುಂಡುಗಳ ಮೂಲಕ ಹೋಗಿ ಹೊಸ ಬೇರಿಂಗ್ ಅಲ್ಲೇ ಹಾಳಾಗುತ್ತಿತ್ತು. ಸ್ಪೇಸರ್ ಮರೆಯದೆ ಹಾಕಿ ಇನ್ನೊಂದು ಬೇರಿಂಗ್ ಕೂರಿಸಿದೆ. ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ ಒತ್ತಿದೆ.

ಮಧ್ಯಾಹ್ನ ಡಿಸ್ಕ್ ನೋಡಿದೆ. ಅಂಚಿನಲ್ಲಿ ಕನಿಷ್ಠ ದಪ್ಪ 3.0 ಅಂತ ಕೊರೆದಿದೆ, ಅಳೆದರೆ 3.4. ಇನ್ನೂ ನಡೆಯುತ್ತದೆ. ಡಿಸ್ಕ್ ಡೊಂಕಾಗಿದೆಯಾ ಅಂತ ಅಳೆಯುವ ಡಯಲ್ ಗೇಜ್ ಇಲ್ಲದ್ದರಿಂದ ಸೈಕಲ್ ಕಡ್ಡಿಯೊಂದನ್ನು ನಕಲ್‌ಗೆ (ಹಬ್ ಹಿಂದಿನ, ಅದರ ಜೊತೆ ಸುತ್ತದ ಭಾಗ) ಬಿಗಿದು, ತುದಿಯನ್ನು ಡಿಸ್ಕಿಗೆ ತಾಗುವ ಹಾಗೆ ಬಗ್ಗಿಸಿ ಹಬ್ ತಿರುಗಿಸಿದೆ. ಜಾಸ್ತಿ ದೂರ ಸರಿದ ಜಾಗದಲ್ಲಿ ಸಂದು ಅಳೆಯುವ ಫೀಲರ್ ಗೇಜಿನ 0.15 ಮಿ.ಮೀ. ಎಲೆ ಹೋಯಿತು, 0.20 ಹೋಗಲಿಲ್ಲ. ನೆಮ್ಮದಿ.

ಮೇ 14

ಕಚ್ಚಿದ ಪಿನ್ನನ್ನು ವಾಟರ್ ಪೇಪರ್‌ನಲ್ಲಿ ಉಜ್ಜಿದೆ. ಉಗುರಿಗೆ ಕುಳಿ ಸಿಗದಷ್ಟು ನಯವಾದ ಮೇಲೆ ಸಿಲಿಕಾನ್ ಗ್ರೀಸ್ ಹಾಕಿದೆ. ಮಾಮೂಲಿ ಗ್ರೀಸ್ ಹಾಕಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ, ಪೆಟ್ರೋಲ್ ಡೀಸೆಲ್‌ನಲ್ಲಿ ತೊಳೆದರೂ ಅದೇ ಪಾಡು. ಪಿಸ್ಟನ್ ಪುಣ್ಯಕ್ಕೆ ನಯವಾಗಿಯೇ ಇತ್ತು.

ತಮ್ಮ ಲಿವರ್ ಹಿಡಿದ, ನಾನು 8 ನಂಬರ್ ಪಾನಾ ಹಿಡಿದೆ. ಅವನು ಒತ್ತಿ ಹಿಡಿಯುವುದು, ನಾನು ಕ್ಯಾಲಿಪರ್‌ನಿಂದ ಆಯಿಲ್ ಬಿಡುವ ನಿಪ್ಪಲ್ ತೆರೆದು ಮುಚ್ಚುವುದು, ಮುಚ್ಚಿದ ಮೇಲೆಯೇ ಅವನು ಬಿಡುವುದು. ಜೇನಿನ ಬಣ್ಣದ ಹೊಸ ಆಯಿಲ್ ಬರುವ ತನಕ ಮಾಡಿದೆವು.

ಮೇ 18, ಭಾನುವಾರ

ಅಂಗಳದಿಂದ ಗೇಟಿನ ತನಕ ಹೊಸ ಪ್ಯಾಡ್ ಪಳಗಿಸಿದೆ. 30ರ ವೇಗದಿಂದ ಪೂರ್ತಿ ನಿಲ್ಲಿಸದೆ ನಿಧಾನ ಮಾಡುವುದು, ಮತ್ತೆ ಓಡಿಸುವುದು, ಹತ್ತು ಸಲ. ಆಮೇಲೆ ಕಲ್ಲುಗುಂಡಿ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದು, ಉಸಿರು ಬಿಗಿಹಿಡಿದು ಲಿವರ್ ಒತ್ತಿದೆ. ಮೊದಲ ಒತ್ತಿಗೇ ಗಟ್ಟಿ.

ಎರಡು ಚೀಲ ಗೊಬ್ಬರ ಹೇರಿ ಧರೆ ಇಳಿದೆ. ಅಪ್ಪಯ್ಯ ಕೆಳಗೆ ಬಸಿಗಾಲುವೆ ಹತ್ತಿರ ನಿಂತು ಚಕ್ರವನ್ನೇ ನೋಡುತ್ತಿದ್ದರು. ಅವರಿಗಿಂತ ಎರಡು ಮಾರು ಹಿಂದೆಯೇ ಗಾಡಿ ನಿಂತಿತು. ಹತ್ತಿರ ಬಂದು ಹಬ್ ಮುಟ್ಟಿ ನೋಡಿದರು. ಉಗುರುಬೆಚ್ಚಗಿತ್ತು ಅಷ್ಟೇ. "ಬಲಗಡೇದು ಯಾವಾಗ?" ಅಂದರು.

ಬುಧವಾರ ಬಿಚ್ಚುತ್ತೇನೆ. ಉಳಿದ ಎರಡು ಬೇರಿಂಗ್ ಆಗಲೇ ಫ್ರೀಜರ್‌ನಲ್ಲಿವೆ.