ಕರೆದದ್ದು ನಮ್ಮ ಬಾತುಗಳೇ

ಬಾತುಕೋಳಿ ಸಾಕಿದವರಿಗೆ ಗೊತ್ತಿರುತ್ತದೆ, ಅವು ಆಕಾಶ ನೋಡುವುದು ಒಂದೇ ಕಣ್ಣಲ್ಲಿ. ಕಣ್ಣು ತಲೆಯ ಆಚೆಗೊಂದು ಈಚೆಗೊಂದು ಇರುವುದರಿಂದ ಮೇಲೇನಾದರೂ ಹಾರಿದರೆ ತಲೆಯನ್ನೇ ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಆಕಾಶಕ್ಕೆ ಇನ್ನೊಂದು ನೆಲಕ್ಕೆ ಮಾಡಿಕೊಂಡು ನಿಲ್ಲುತ್ತವೆ. ಹದ್ದು ಕಂಡರಂತೂ ಹಾಗೇ ನಿಂತಲ್ಲೇ ಗಪ್‌ಚುಪ್. ಎಷ್ಟು ಗದ್ದಲ ಮಾಡುತ್ತಿದ್ದರೂ ಒಂದೇ ಕ್ಷಣದಲ್ಲಿ ಹಿತ್ತಲು ಮೌನವಾಗಿಬಿಡುತ್ತದೆ. ಅವತ್ತು ಬೆಳಿಗ್ಗೆಯೂ ತಲೆ ವಾಲಿಸಿದವು. ಆದರೆ ಸುಮ್ಮನಾಗಲಿಲ್ಲ. ದೊಡ್ಡಕ್ಕ ಬಾಯಿ ತೆರೆದಳು.

ದೊಡ್ಡಕ್ಕ ಅಂದರೆ ನಮ್ಮ ನಾಲ್ಕು ಖಾಕಿ ಕ್ಯಾಂಪ್‌ಬೆಲ್ ತಳಿಯ ಹೆಣ್ಣುಗಳಲ್ಲಿ ಹಿರಿಯಳು. ಬಾಯಿ ಕೂಡ ಅವಳದೇ ಜೋರು. ಅವರ ಜೊತೆ ಬಿಳಿ ಪೆಕಿನ್ ಜೋಡಿ ಒಂದು, ಮತ್ತೆ ಒಂದು ಮಸ್ಕೋವಿ ಗಂಡು. ಅವನ ಮುಖದ ತುಂಬ ಕೆಂಪು ಗಂಟುಗಳು, ಕ್ವಾಕ್ ಅನ್ನಲು ಬರುವುದಿಲ್ಲ, ಸಿಟ್ಟು ಬಂದರೂ ಖುಷಿಯಾದರೂ ಬುಸ್ ಬುಸ್ ಅಷ್ಟೇ. ಅವನಿಗೆ ಯಜಮಾನ ಅಂತ ಹೆಸರು. ಇವರೆಲ್ಲರಿಗೂ ಸೇರಿ ಹಿತ್ತಲಲ್ಲಿ ಒಂದು ಹೊಂಡ. ದೊಡ್ಡದೇನಲ್ಲ, ಒಂದು ದಡದಿಂದ ಕಲ್ಲೆಸೆದರೆ ಆಚೆ ದಡ ದಾಟಿ ಬೀಳುತ್ತದೆ.

ಹೆಣ್ಣು ಬಾತಿನ ಒಂದು ಕೂಗಿದೆ. ಮೊದಲ ಕ್ವಾಕ್ ಕಿವಿ ಕೀಳುವಷ್ಟು ಜೋರು, ಎರಡನೆಯದು ಸ್ವಲ್ಪ ಕಮ್ಮಿ, ಹೀಗೆ ಇಳಿಯುತ್ತಾ ಇಳಿಯುತ್ತಾ ನಾಲ್ಕೈದಕ್ಕೆ ಮುಗಿಯುತ್ತದೆ. ಜೋಡಿಯಿಂದ ದೂರವಾದಾಗ, ಮೇಲೆ ಬೇರೆ ಬಾತುಗಳು ಹಾರುವಾಗ ಹೀಗೆ ಕೂಗುತ್ತವೆ. ದೊಡ್ಡಕ್ಕ ಅದನ್ನೇ ಮತ್ತೆ ಮತ್ತೆ ಕೂಗುತ್ತಿದ್ದಳು. ನಾನು ಬಾಗಿಲ ಬಳಿ ಹೋಗುವಷ್ಟರಲ್ಲಿ ನನ್ನ ಹೆಂಡತಿ ಕಿಟಕಿಯಿಂದಲೇ ಪಿಸುಗುಟ್ಟಿದಳು, "ರೀ, ಯಾರೋ ಹೊಸಬರು ಬರ್ತಿದ್ದಾರೆ. ಬಾಗಿಲು ಸದ್ದು ಮಾಡ್ಬೇಡಿ."

ಎರಡು ಹಕ್ಕಿ ಹೊಂಡದ ಮೇಲೆ ಸುತ್ತು ಹಾಕುತ್ತಿದ್ದವು. ಇಳಿಯುತ್ತವೆ ಅನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆ. ಇನ್ನೊಂದು ಸುತ್ತು. ಕೊನೆಗೆ ರೆಕ್ಕೆ ಬಾಗಿಸಿ, ಕಿತ್ತಳೆ ಬಣ್ಣದ ಪಾದಗಳನ್ನು ಮುಂದಕ್ಕೆ ಚಾಚಿ, ನೀರನ್ನು ಸರ್ರನೆ ಗೀರುತ್ತಾ ಇಳಿದವು. ಮಲ್ಲಾರ್ಡ್ ಅನ್ನುವ ಕಾಡು ಬಾತಿನ ಜೋಡಿ. ಇಳಿದ ಮೇಲೂ ಒಂದು ಚೂರೂ ಅಲುಗಾಡದೆ ಹೊಂಡದ ಸರಿಯಾಗಿ ನಡುವೆ ನಿಂತವು, ಎಲ್ಲ ದಡದಿಂದಲೂ ಅಷ್ಟೇ ದೂರ. ನಮ್ಮವು ಅಂಥ ಲೆಕ್ಕ ಯಾವತ್ತೂ ಹಾಕಿದ್ದಿಲ್ಲ.

ಗಂಡಿನ ತಲೆ ಹಸಿರು ಅನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅದು ಒಂದೇ ಬಣ್ಣ ಅಲ್ಲ. ತಲೆ ಒಂದಿಷ್ಟು ತಿರುಗಿಸಿದರೆ ಸಾಕು, ಹಸಿರು ಹೋಗಿ ನೀಲಿ, ಇನ್ನೊಂಚೂರು ತಿರುಗಿದರೆ ನೇರಳೆ. ಕತ್ತಿಗೆ ಬಿಳಿ ಪಟ್ಟಿ, ಬಾಲದ ಬುಡದಲ್ಲಿ ಮೇಲಕ್ಕೆ ಸುರುಳಿ ಸುತ್ತಿದ ಕಪ್ಪು ಗರಿ. ಹೆಣ್ಣು ಕಂದು, ಮೈತುಂಬ ಗೀರು ಗೀರು, ಅವಳು ರೆಕ್ಕೆ ಸರಿಮಾಡಿಕೊಂಡಾಗ ಮಾತ್ರ ಒಳಗಿನ ನೀಲಿ ಪಟ್ಟಿ ಒಂದು ಕ್ಷಣ ಕಂಡು ಮುಚ್ಚಿಹೋಗುತ್ತದೆ. ಇಷ್ಟೆಲ್ಲ ಬಣ್ಣ ಹೊತ್ತವನ ಬಾಯಲ್ಲಿ ಸ್ವರ ಮಾತ್ರ ಇಲ್ಲ. ಗಂಡು ಮಲ್ಲಾರ್ಡಿನದು ಗಂಟಲು ಕಟ್ಟಿದ ಸಣ್ಣ ದನಿ. ಊರಿಗೆಲ್ಲ ಕೇಳುವ ಕ್ವಾಕ್ ಹೆಣ್ಣಿನದೇ.

ಯಜಮಾನನನ್ನು ಬಿಟ್ಟರೆ ನಮ್ಮ ಹಿತ್ತಲಲ್ಲಿರುವ ಎಲ್ಲ ಬಾತುಗಳೂ ಇದೇ ಮಲ್ಲಾರ್ಡ್ ವಂಶದವು. ಮಸ್ಕೋವಿ ಮಾತ್ರ ಅಮೆರಿಕದ ಬೇರೆ ಕಾಡು ಬಾತಿನಿಂದ ಬಂದದ್ದು, ಪ್ರಪಂಚದ ಉಳಿದ ಸಾಕು ಬಾತುಗಳೆಲ್ಲ, ಪೆಕಿನ್ ಇರಲಿ ಖಾಕಿ ಇರಲಿ ರನ್ನರ್ ಇರಲಿ, ಮೂಲದಲ್ಲಿ ಮಲ್ಲಾರ್ಡುಗಳೇ. ಅಂದರೆ ಅವತ್ತು ನಡೆದದ್ದು ನೆಂಟರ ಭೇಟಿ. ಕಾಡು ಮಲ್ಲಾರ್ಡ್ ತೂಕ ಹೆಚ್ಚುಕಮ್ಮಿ ಒಂದು ಕಿಲೋ. ನಮ್ಮ ಪೆಕಿನ್ ಗಂಡು ನಾಲ್ಕು ಕಿಲೋ. ಮೈ ನಾಲ್ಕರಷ್ಟಾಗಿದೆ, ರೆಕ್ಕೆ ಮಾತ್ರ ಆ ಲೆಕ್ಕಕ್ಕೆ ಬೆಳೆದಿಲ್ಲ, ಇನ್ನು ಹಾರುವುದೆಲ್ಲಿಂದ. ಮಲ್ಲಾರ್ಡ್ ಆದರೆ ಓಡುವ ಗೋಜೇ ಇಲ್ಲದೆ ನೀರಿನಿಂದ ನೇರ ಮೇಲಕ್ಕೆ ಚಿಮ್ಮುತ್ತದೆ.

ಪೆಕಿನ್ ಗಂಡಿಗೆ ಇದೆಲ್ಲ ಬೇಕಾಗಿರಲಿಲ್ಲ. ಹೊಟ್ಟೆ ಬಿರಿಯ ಉಂಡವನು ಬಸ್ಸಿನ ಹಿಂದೆ ಓಡಿದ ಹಾಗೆ ದಡದಿಂದ ಓಡಿ ಬಂದು ನೀರಿಗೆ ಬಿದ್ದು, ಕತ್ತು ಚಾಚಿ ಹೊಸ ಗಂಡಿನ ಮೇಲೆ ನುಗ್ಗಿದ. ಅವನು ಹೆದರಲೂ ಇಲ್ಲ, ತಿರುಗಿ ಬೀಳಲೂ ಇಲ್ಲ, ಒಂದು ಮಾರು ಪಕ್ಕಕ್ಕೆ ಸರಿದ. ಇವನು ಮತ್ತೆ ನುಗ್ಗಿದ. ಅವನು ಮತ್ತೆ ಒಂದು ಮಾರು. ಸುಮಾರು ಹೊತ್ತು ಇದೇ ನಡೆದು ಪೆಕಿನ್ನಿಗೆ ಸುಸ್ತಾಯಿತು. ಯಜಮಾನ ದಡದಲ್ಲೇ ಬಾಲ ಅಲ್ಲಾಡಿಸುತ್ತಾ ಬುಸ್ ಅಂದ, ಅಷ್ಟೇ.

ಹೆಂಗಸರ ವಿಷಯ ಬೇರೆ. ದೊಡ್ಡಕ್ಕ ನಾಚಿಕೆ ಬಿಟ್ಟು ಹೊಸ ಗಂಡಿನ ಎದುರಿಗೇ ಹೋಗಿ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸತೊಡಗಿದಳು. ಬಾತುಗಳಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕಾಡು ಹೆಣ್ಣು ನೋಡುತ್ತಾ ಕೂರಲಿಲ್ಲ. ತನ್ನ ಗಂಡಿನ ಪಕ್ಕಕ್ಕೆ ಅಂಟಿಕೊಂಡು, ಹೆಗಲ ಮೇಲಿಂದ ಕೊಕ್ಕನ್ನು ದೊಡ್ಡಕ್ಕನ ಕಡೆಗೆ ತಟ್ ತಟ್ ಅಂತ ಝಾಡಿಸುತ್ತಾ ಒಂದೇ ಸಮನೆ ಗೊಣಗಿದಳು. "ಇವಳನ್ನ ಓಡಿಸು" ಅಂತ ಗಂಡನಿಗೆ ಹೇಳುವ ರೀತಿಯೇ ಅದು. ಗಂಡ ಏನೂ ಕೇಳಿಸದವನಂತೆ ತಲೆ ಕೆಳಗೆ ಬಾಲ ಮೇಲೆ ಮಾಡಿ ನೀರೊಳಗೆ ಮೇಯತೊಡಗಿದ. ನಾನೂ ನನ್ನ ಹೆಂಡತಿಯೂ ಕಿಟಕಿಯ ಹಿಂದೆ ನಗು ತಡೆದುಕೊಂಡು ನಿಂತಿದ್ದೆವು.

ಮಧ್ಯಾಹ್ನ ಎಲ್ಲವೂ ದಡದಲ್ಲಿ ಮಲಗಿದವು. ನಮ್ಮವು ಎಲ್ಲೆಂದರಲ್ಲಿ ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ಗಾಢ ನಿದ್ದೆ. ಕಾಡು ಜೋಡಿ ಗುಂಪಿನ ತುದಿಯಲ್ಲಿ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು. ಇದನ್ನು 1999ರಲ್ಲಿ ವಿಜ್ಞಾನಿ ನೀಲ್ಸ್ ರಾಟೆನ್‌ಬೋರ್ಗ್ ಮತ್ತು ಅವರ ಜೊತೆಯವರು ಮಲ್ಲಾರ್ಡುಗಳನ್ನೇ ಸಾಲಾಗಿ ಮಲಗಿಸಿ ನೋಡಿದ್ದರು. ಸಾಲಿನ ತುದಿಯಲ್ಲಿರುವ ಬಾತುಗಳು ಮಧ್ಯದವುಗಳಿಗಿಂತ ಜಾಸ್ತಿ ಹೊತ್ತು ಒಂದು ಕಣ್ಣು ತೆರೆದು ಮಲಗುತ್ತವೆ, ಆ ಕಣ್ಣು ಗುಂಪಿನಿಂದ ಹೊರಗಡೆಗೇ ಇರುತ್ತದೆ, ಆಗ ಮಿದುಳಿನ ಒಂದು ಅರ್ಧ ನಿದ್ದೆಯಲ್ಲಿ ಇನ್ನೊಂದು ಅರ್ಧ ಎಚ್ಚರದಲ್ಲಿ. ಓದಿದ್ದೆ. ನಮ್ಮದೇ ಹಿತ್ತಲಲ್ಲಿ, ನಾನು ಕಿಟಕಿಯಲ್ಲಿ ಒಂದಿಷ್ಟು ಅಲುಗಾಡಿದರೂ ಆ ತೆರೆದ ಕಣ್ಣು ನನ್ನ ಕಡೆಗೇ ಇರುವುದನ್ನು ನೋಡುವುದು ಬೇರೆಯೇ ಅನುಭವ.

ಎರಡೇ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮರುದಿನ ಐದಾದವು. ಆಮೇಲೆ ಗುಂಪು. ಜೊತೆಗೆ ಟೀಲ್ ಅನ್ನುವ ಪುಟ್ಟ ಬಾತುಗಳೂ ಬಂದವು, ಪೆಕಿನ್ ಪಕ್ಕದಲ್ಲಿ ಅವು ಮರಿಗಳೇ. ಪಕ್ಕದ ಮನೆಯ ಹುಡುಗ ಬೇಲಿ ಹತ್ತಿ "ಅಂಕಲ್, ಬ್ರೆಡ್ ಹಾಕ್ಲಾ?" ಅಂದ. ಬೇಡ ಪುಟ್ಟ ಅಂದೆ. ಬ್ರೆಡ್ಡಿನಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಬಾತಿಗೆ ಬೇಕಾದದ್ದು ಏನೂ ಸಿಗುವುದಿಲ್ಲ, ಉಳಿದದ್ದು ನೀರಲ್ಲಿ ಕೊಳೆತು ಪಾಚಿಗೆ ಗೊಬ್ಬರ. ಅವನ ಮುಖ ಸಣ್ಣದಾಯಿತು, ಆದರೂ ದಿನಾ ಬೇಲಿ ಮೇಲೆ ಹಾಜರ್.

ಯಾಕೆ ಇಷ್ಟೊಂದು ಬಂದವು ಅನ್ನುವುದಕ್ಕೆ ನನಗೆ ಹೊಳೆದ ಉತ್ತರ ಒಂದೇ. ನೀರು ಎಲ್ಲ ಕಡೆ ಇರುತ್ತದೆ. ಮೇಲೆ ಹಾರುವ ಬಾತಿಗೆ ಬೇಕಾಗಿರುವುದು ಕೆಳಗೆ ಹೆದರದೆ ಕೂತ ಬೇರೆ ಬಾತುಗಳು. "ಇಲ್ಲಿ ನರಿ ಇಲ್ಲ, ಬಂದೂಕು ಇಲ್ಲ, ತಿನ್ನಲು ಇದೆ" ಅಂತ ಹೇಳಲು ಅದಕ್ಕಿಂತ ಒಳ್ಳೆಯ ಬೋರ್ಡು ಬೇಕಾ? ಬೇಟೆಗಾರರಿಗೆ ಇದು ಯಾವತ್ತೋ ಗೊತ್ತಿತ್ತು. ಸಾಕಿದ ಬಾತನ್ನು ಕೆರೆಯ ಅಂಚಿಗೆ ಕಟ್ಟಿ, ಅದು ಕೂಗಿದಾಗ ಇಳಿದು ಬಂದ ಕಾಡು ಬಾತುಗಳನ್ನು ಹೊಡೆಯುತ್ತಿದ್ದರು. ಕಾಲ್ ಡಕ್ ಅನ್ನುವ ಪುಟ್ಟ, ವಿಪರೀತ ಗಲಾಟೆಯ ತಳಿ ಉಳಿದು ಬಂದದ್ದೇ ಈ ಕೆಲಸಕ್ಕೆ. ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದರೆ, ಬಾತುಗಳ ಸಂಖ್ಯೆ ತೀರ ಕುಸಿದಾಗ ಅಮೆರಿಕದಲ್ಲಿ 1935ರಲ್ಲಿ ಜೀವಂತ ಬಾತು ಕಟ್ಟಿ ಬೇಟೆಯಾಡುವುದನ್ನೇ ನಿಷೇಧಿಸಬೇಕಾಯಿತು. ನಮ್ಮ ದೊಡ್ಡಕ್ಕನಿಗೆ ಯಾರೂ ಕಲಿಸಿರಲಿಲ್ಲ. ಅವಳು ಸಂಬಳವಿಲ್ಲದೆ ಅದೇ ಕೆಲಸ ಮಾಡುತ್ತಿದ್ದಳು.

ನನಗೆ ತಲೆನೋವು ತಂದದ್ದೂ ಇದೇ. ಕಾಡು ಬಾತುಗಳು ಹಕ್ಕಿ ಜ್ವರದ ವೈರಸ್ಸನ್ನು ಹೊತ್ತೂ ಏನೂ ಆಗದಂತೆ ಓಡಾಡಿಕೊಂಡಿರಬಲ್ಲವು. ಹಿಕ್ಕೆಯಲ್ಲಿ ಅದು ನೀರಿಗೆ ಬಂದರೆ, ನೀರು ತಣ್ಣಗಿದ್ದಷ್ಟೂ ಜಾಸ್ತಿ ದಿನ ಉಳಿಯುತ್ತದೆ, ವಾರಗಟ್ಟಲೆ ಕೂಡ. ಈಗ ಹರಡುತ್ತಿರುವ ಮಾರಕ ಹಕ್ಕಿ ಜ್ವರದ ಎಚ್5ಎನ್1 ವೈರಸ್ಸಿನ ವಂಶ ಮೊದಲು ಪತ್ತೆಯಾದದ್ದು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನ ಸಾಕು ಹೆಬ್ಬಾತುಗಳಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಜನ ಸತ್ತರು. ಸಾಕು ಹಕ್ಕಿಗಳಿಂದ ಕಾಡು ಹಕ್ಕಿಗಳಿಗೆ ಹೋದ ಈ ಕಾಯಿಲೆ ಈಗ ಅವುಗಳ ರೆಕ್ಕೆಯ ಮೇಲೇ ಊರೂರು ತಿರುಗುತ್ತಿದೆ. 2021ರ ಕೊನೆಗೆ ಅಟ್ಲಾಂಟಿಕ್ ದಾಟಿ ಉತ್ತರ ಅಮೆರಿಕ ಸೇರಿತು, 2022ರಲ್ಲಿ ದಕ್ಷಿಣ ಅಮೆರಿಕಕ್ಕೂ ಇಳಿಯಿತು. ಇದಕ್ಕೆ ಕಾಡು ಬಾತುಗಳನ್ನು ಬೈದು ಪ್ರಯೋಜನ ಇಲ್ಲ, ಶುರುವಾದದ್ದು ನಾವು ಒತ್ತೊತ್ತಾಗಿ ತುಂಬಿಟ್ಟ ಸಾಕು ಹಕ್ಕಿಗಳಲ್ಲಿ. ಆದರೂ ನನ್ನ ಏಳು ಬಾತುಗಳ ಹೊಣೆ ನನ್ನದೇ ಅಲ್ವಾ?

ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಹೆದರಿಸಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಕಾಳು, ಕುಡಿಯೋ ನೀರು ಎರಡನ್ನೂ ಒಳಗಿಡಿ. ಹಿತ್ತಲಿಗೆ ಬೇರೆ ಚಪ್ಪಲಿ ಇರಲಿ. ಹೊರಗಿನವು ಇರೋವರೆಗೂ ನಿಮ್ಮವನ್ನ ಹೊಂಡಕ್ಕೆ ಬಿಡ್ಬೇಡಿ. ಒಂದಕ್ಕಿಂತ ಹೆಚ್ಚು ದಿಢೀರ್ ಅಂತ ಸತ್ತರೆ ಮುಟ್ಟದೆ ತಿಳಿಸಿ" ಅಂದರು. ಅವತ್ತು ಸಂಜೆಯೇ ಗೂಡಿನ ಮುಂದಿನ ಜಾಗಕ್ಕೆ ಮೇಲೂ ಪಕ್ಕಕ್ಕೂ ಬಲೆ ಕಟ್ಟಿ, ಮೇಲೆ ತಗಡು ಹಾಕಿದೆ. ಬಲೆಯೊಂದೇ ಸಾಲದು, ಮೇಲಿಂದ ಹಿಕ್ಕೆ ಬೀಳುತ್ತದೆ. ಒಳಗೆ ನೀರಿಗೆ ಒಂದು ದೊಡ್ಡ ತೊಟ್ಟಿ. ಬಾತಿಗೆ ಕೊಕ್ಕು, ಮೂಗಿನ ತೂತು, ಕಣ್ಣು ಎಲ್ಲ ಮುಳುಗುವಷ್ಟಾದರೂ ಆಳ ಬೇಕು, ಅದಿಲ್ಲದಿದ್ದರೆ ಕಣ್ಣು ಅಂಟಿಕೊಳ್ಳಲು ಶುರುವಾಗುತ್ತದೆ.

ಆಮೇಲಿನ ದಿನಗಳ ಗಲಾಟೆ ಹೇಳತೀರದು. ಹೊಂಡ ಕಣ್ಣೆದುರಿಗೇ ಇದೆ, ಅದರಲ್ಲಿ ಹೊರಗಿನವರು ಆರಾಮಾಗಿ ತೇಲುತ್ತಿದ್ದಾರೆ, ಮನೆಯವರು ಬಲೆಯ ಹಿಂದೆ. ದೊಡ್ಡಕ್ಕ ಬೆಳಕು ಹರಿಯುವ ಮೊದಲೇ ಕೂಗಲು ಶುರು, ಅವಳು ಕೂಗಿದಷ್ಟೂ ಹೊರಗೆ ಇನ್ನೆರಡು ಇಳಿಯುತ್ತಿದ್ದವು. ನಾನು ಬಲೆ ಕಟ್ಟಿದ್ದು ಅವುಗಳನ್ನು ದೂರ ಇಡಲು, ಇವಳು ಒಳಗಿಂದಲೇ ಆಹ್ವಾನ ಕೊಡುತ್ತಿದ್ದಳು. ಒಂದು ಸಮಾಧಾನ, ಕಾಳು ಸಿಗದ ಮೇಲೆ ಕೆಲವು ಗುಂಪು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೊರಡತೊಡಗಿದವು.

"ನಿಮ್ಮವನ್ನೂ ಅವುಗಳ ಜೊತೆ ಬಿಟ್ಟುಬಿಡಿ, ಪಾಪ" ಅಂದವರೂ ಇದ್ದಾರೆ. ಇದಕ್ಕೆ ಮಾತ್ರ ನಾನು ಸ್ವಲ್ಪ ಗಡುಸಾಗಿಯೇ ಉತ್ತರ ಕೊಟ್ಟೆ. ಹಾರಲಾಗದ ಬಿಳಿ ಬಾತು ಬಯಲಲ್ಲಿ ನರಿ ನಾಯಿಗಳಿಗೆ ಊಟ. ಉಳಿದರೂ ಕಾಡಿನವುಗಳ ಜೊತೆ ಕೂಡಿ ಮರಿ ಮಾಡುತ್ತವೆ, ಸಾಕು ಬಾತಿನ ತೂಕ ಮತ್ತು ಮಂಕು ಕಾಡು ಸಂತತಿಗೆ ಸೇರುತ್ತದೆ. ಅರ್ಧ ಬಿಳಿ ಎದೆಯ, ದಪ್ಪ ಹೊಟ್ಟೆಯ ಮಲ್ಲಾರ್ಡುಗಳು ಉದ್ಯಾನದ ಕೆರೆಗಳಲ್ಲಿ ಕಾಣುವುದು ಹೀಗೆಯೇ.

ಚಳಿ ಇಳಿಯುತ್ತಾ ಬಂದಾಗ ಗುಂಪು ತೆಳ್ಳಗಾಯಿತು. ಆಕಾಶ ತಿಳಿಯಾಗಿ, ಗಾಳಿ ಅನುಕೂಲಕ್ಕೆ ತಿರುಗಿದ ಒಂದು ರಾತ್ರಿ ಉಳಿದವೂ ಹೊರಟುಹೋದವು. ವಲಸೆ ಹೋಗುವ ಬಾತುಗಳು ಹೆಚ್ಚಾಗಿ ರಾತ್ರಿಯೇ ಹಾರುತ್ತವೆ, ಹೇಳಿ ಹೋಗುವ ಪದ್ಧತಿ ಇಲ್ಲ. ನಾನು ಬಲೆ ತೆಗೆಯುವ ಮೊದಲು ಹೊಂಡದ ನೀರನ್ನು ಪೂರ್ತಿ ಹೊರಹಾಕಿ, ತಳದ ಕೆಸರು ತೆಗೆದು ಬಿಸಿಲಿಗೆ ಒಣಗಲು ಬಿಟ್ಟೆ. ಕೈಗವಸು, ಮುಖಕ್ಕೆ ಮಾಸ್ಕ್, ಹಿತ್ತಲ ಚಪ್ಪಲಿ, ಎಲ್ಲ ಶಿಸ್ತಿನಿಂದ. ಅದು ಚೆನ್ನಾಗಿ ಒಣಗಿದ ಮೇಲೆ ಹೊಸ ನೀರಿಗೆ ಪೈಪ್ ಬಿಟ್ಟು ಬಲೆ ಬಿಚ್ಚಿದೆ. ನೀರಿನ್ನೂ ಪಾದ ಮುಳುಗುವಷ್ಟು ಆಗಿತ್ತು ಅಷ್ಟೇ. ದೊಡ್ಡಕ್ಕ ಮೊದಲು ಓಡಿ ಬಂದು ಇಳಿದಳು, ತೇಲಲು ನೋಡಿದಳು, ಹೊಟ್ಟೆ ನೆಲಕ್ಕೆ ತಾಗಿತು. ಅಲ್ಲೇ ನಿಂತು ತಲೆ ವಾಲಿಸಿ ಒಂದೇ ಕಣ್ಣಲ್ಲಿ ನನ್ನನ್ನು ನೋಡಿ, ಹೊಂಡ ತುಂಬುವವರೆಗೂ ಬೈದಳು.